ಮಾದರಿ ಉಗಿಬಂಡಿಗೆ ಅದರದೇ ದನಿ ಬೇಕು

ಸಂಪಾದಕರಿಗೆ,

ಮಾನ್ಯರೇ,

ಹುಬ್ಬಳ್ಳಿ-ಧಾರವಾಡದ ರೈಲ್ವೆ ಕುಟುಂಬಗಳ ಮನೆಗಳಲ್ಲಿ ಇಂದಿಗೂ ಗಾಜಿನ ಕಪಾಟಿನೊಳಗೆ ಒಂದೊಂದು ಮಾದರಿ ಉಗಿ ಎಂಜಿನ್ ಕಾಣಸಿಗುತ್ತದೆ. ಕೆಲವು ಎಂದೋ ವಿದೇಶದಿಂದ ಬಂದವು; ಇನ್ನು ಕೆಲವು ವರ್ಕ್‌ಶಾಪಿನಲ್ಲಿ ದುಡಿದ ಫಿಟ್ಟರುಗಳು ಬಿಡುವಿನ ವೇಳೆಯಲ್ಲಿ ಹಿತ್ತಾಳೆ ತಗಡನ್ನು ಕತ್ತರಿಸಿ, ಬೆಸೆದು, ಒಳಗೊಂದು ಮೋಟಾರು ಕೂಡಿಸಿ ಮಾಡಿದವು. ಈಚಿನ ವರ್ಷಗಳಲ್ಲಿ ಇವನ್ನು ಕೈಗೆತ್ತಿಕೊಂಡು, ಹೊಸ ಎಲೆಕ್ಟ್ರಾನಿಕ್ಸ್ ಹಾಕಿಸಿ, ಸದ್ದು ಹೊಮ್ಮಿಸಿ ಓಡಿಸಬೇಕೆನ್ನುವ ಉತ್ಸಾಹ ಎಳೆಯರಲ್ಲಿ ಹುಟ್ಟಿರುವುದು ಸಂತೋಷದ ಸಂಗತಿ. ಆದರೆ ಅವಸರದಲ್ಲಿ ಮಾಡಿದ ಕೆಲಸದಿಂದ ಒಳ್ಳೆಯ ಎಂಜಿನ್‌ಗಳು ಸುಟ್ಟುಹೋಗುತ್ತಿರುವುದನ್ನೂ, ಸುಡದೆ ಉಳಿದವು ತಮ್ಮದಲ್ಲದ ದನಿಯಲ್ಲಿ ಕೂಗುತ್ತಿರುವುದನ್ನೂ ನೋಡಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ವಿದ್ಯುತ್ತಿನ ಮಾತು. ಹಳೆಯ ಮಾದರಿಗಳು ಓಡುತ್ತಿದ್ದ ಪದ್ಧತಿ ಸರಳವಾದದ್ದು: ಹಳಿಗಳಿಗೆ 12 ವೋಲ್ಟಿನವರೆಗಿನ ನೇರ ವಿದ್ಯುತ್ ಕೊಟ್ಟರೆ ಎಂಜಿನ್ ಓಡುತ್ತದೆ, ವೋಲ್ಟೇಜ್ ಏರಿಸಿದರೆ ವೇಗ ಏರುತ್ತದೆ, ಧನ-ಋಣ ಅದಲುಬದಲು ಮಾಡಿದರೆ ಹಿಂದಕ್ಕೆ ಬರುತ್ತದೆ. ಈಗ ವ್ಯಾಪಕ ಬಳಕೆಯಲ್ಲಿರುವ ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಪದ್ಧತಿಯು ಜರ್ಮನಿಯ ಲೆನ್ಜ್ ಕಂಪನಿಯ ಕೆಲಸದ ತಳಹದಿಯ ಮೇಲೆ ನಿಂತದ್ದು. ಅಮೆರಿಕದ ಮಾದರಿ ರೈಲು ಸಂಘವು ಅದನ್ನು 1990ರ ದಶಕದಲ್ಲಿ ಮಾನದಂಡವಾಗಿ ಒಪ್ಪಿಕೊಂಡಿತು. ಇದರಲ್ಲಿ ಹಳಿಗಳ ಮೇಲೆ ಸದಾಕಾಲ ಪೂರ್ಣ ವೋಲ್ಟೇಜ್ ಇರುತ್ತದೆ. ಅದು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಚೌಕ ಅಲೆಯಾಗಿದ್ದು, ಅಲೆಯ ಅರ್ಧಭಾಗ 58 ಮೈಕ್ರೊಸೆಕೆಂಡ್ ಇದ್ದರೆ 'ಒಂದು', 100 ಮೈಕ್ರೊಸೆಕೆಂಡ್ ಅಥವಾ ಅದಕ್ಕೂ ಹೆಚ್ಚಿದ್ದರೆ 'ಸೊನ್ನೆ' ಎಂಬ ಲೆಕ್ಕದಲ್ಲಿ ಆಜ್ಞೆಗಳು ಅದೇ ವಿದ್ಯುತ್ತಿನ ಜೊತೆಗೆ ಹರಿದುಬರುತ್ತವೆ. ಎಂಜಿನ್ನಿನೊಳಗೆ ಕೂಡಿಸಿದ ಡಿಕೋಡರ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಫಲಕವು ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನಷ್ಟೇ ಓದಿ ಮೋಟಾರಿಗೆ ಬೇಕಾದಷ್ಟು ವಿದ್ಯುತ್ತನ್ನು ಅಳೆದು ಕೊಡುತ್ತದೆ. ಹೀಗಾಗಿ ಒಂದೇ ಹಳಿಯ ಮೇಲೆ ಹಲವು ಎಂಜಿನ್‌ಗಳನ್ನು ಬೇರೆಬೇರೆ ವೇಗದಲ್ಲಿ ಓಡಿಸಬಹುದು, ನಿಂತ ಎಂಜಿನ್ನಿನಲ್ಲಿಯೂ ದೀಪ ಉರಿಸಬಹುದು, ಸದ್ದು ಮಾಡಿಸಬಹುದು.

ತೊಂದರೆ ಶುರುವಾಗುವುದು ಇಲ್ಲಿಯೇ. ಹಲವು ಹಳೆಯ ಮಾದರಿಗಳಲ್ಲಿ, ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಎರಡು ಬ್ರಷ್‌ಗಳ ಪೈಕಿ ಒಂದು ನೇರವಾಗಿ ಲೋಹದ ಚಾಸಿಗೆ (ಅಡಿಚೌಕಟ್ಟಿಗೆ) ತಾಗಿರುತ್ತದೆ. ಚಾಸಿ ಒಂದು ಬದಿಯ ಗಾಲಿಗಳ ಮೂಲಕ ಹಳಿಗೆ ತಾಗಿರುತ್ತದೆ. ಬ್ರಿಟನ್ನಿನ ಮಾದರಿ ರೈಲು ತಯಾರಕ ಟ್ರೈಯಾಂಗ್ ಕಂಪನಿಯ ಹೆಸರಾಂತ ಎಕ್ಸ್‌04 ಮೋಟಾರನ್ನೇ ನೋಡಿ: ಬ್ರಷ್‌ಗಳನ್ನು ಒತ್ತಿ ಹಿಡಿಯುವ ಸ್ಪ್ರಿಂಗಿನ ಒಂದು ತೋಳಿಗೆ ಮಾತ್ರ ನಿರೋಧಕ ಕೊಳವೆ ಇದೆ, ಇನ್ನೊಂದು ತೋಳು ಬರಿಮೈಯಲ್ಲಿದೆ. ಹಳೆಯ ಪದ್ಧತಿಗೆ ಇದು ಸರಿಯಾಗಿಯೇ ಇತ್ತು. ಆದರೆ ಇಂಥ ಎಂಜಿನ್ನಿಗೆ ಹಾಗೆಯೇ ಡಿಕೋಡರ್ ಜೋಡಿಸಿದರೆ ಹಳಿಯ ವಿದ್ಯುತ್ತು ಡಿಕೋಡರಿನ ಹೊರದಾರಿಗೆ ಹಿಂದಿನಿಂದ ನುಗ್ಗಿ, ಗುಂಡಿ ಒತ್ತಿದ ಕ್ಷಣದಲ್ಲೇ ಅದನ್ನು ಸುಟ್ಟುಹಾಕುತ್ತದೆ. ಆದ್ದರಿಂದ ಆ ಎರಡನೆಯ ತೋಳಿಗೂ ಕೊಳವೆ ತೊಡಿಸಿ, ಎರಡೂ ಬ್ರಷ್‌ಗಳನ್ನು ಚಾಸಿಯಿಂದ ಬೇರ್ಪಡಿಸಿ, ಯಾವ ಬ್ರಷ್‌ಗೂ ಯಾವ ಗಾಲಿಗೂ ಸಂಪರ್ಕವಿಲ್ಲವೆಂಬುದನ್ನು ಮಲ್ಟಿಮೀಟರಿನಲ್ಲಿ ಖಚಿತ ಮಾಡಿಕೊಂಡ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು. ಬಣ್ಣಗಳ ನಿಯಮ ಎಲ್ಲ ಕಂಪನಿಗಳಿಗೂ ಹೆಚ್ಚುಕಡಿಮೆ ಒಂದೇ ಇದೆ: ಕೆಂಪು ಮತ್ತು ಕಪ್ಪು ತಂತಿಗಳು ಹಳಿಗೆ, ಕಿತ್ತಳೆ ಮತ್ತು ಬೂದು ತಂತಿಗಳು ಮೋಟಾರಿಗೆ, ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನ ದೀಪಕ್ಕೆ, ನೀಲಿ ದೀಪಗಳ ಸಾಮಾನ್ಯ ಧನ ತುದಿಗೆ. ಹಿಂದೆ ರೇಡಿಯೊ ತಕರಾರು ತಪ್ಪಿಸಲು ಮೋಟಾರಿಗೆ ಅಡ್ಡಲಾಗಿ ಹಾಕುತ್ತಿದ್ದ ಕೆಪಾಸಿಟರನ್ನೂ ಕಿತ್ತುಹಾಕಬೇಕು.

ಇನ್ನೊಂದು ಪರೀಕ್ಷೆಯನ್ನು ಬಹುತೇಕರು ಬಿಟ್ಟೇಬಿಡುತ್ತಾರೆ. ಗಾಲಿಗಳನ್ನು ತಿರುಗದಂತೆ ಹಿಡಿದು, 12 ವೋಲ್ಟ್ ಕೊಟ್ಟು, ಒಂದೆರಡು ಕ್ಷಣದಲ್ಲಿ ಮೋಟಾರು ಎಳೆಯುವ ವಿದ್ಯುತ್ತನ್ನು ಅಳೆಯಬೇಕು. ಈ ಗಾತ್ರದ ಎಂಜಿನ್‌ಗಳಿಗೆ ಸಿಗುವ ಡಿಕೋಡರ್‌ಗಳು ಸಾಮಾನ್ಯವಾಗಿ 1 ಆಂಪಿಯರ್ ಆಸುಪಾಸಿನವು. ಹಳೆಯ ತೆರೆದ ಮೋಟಾರಿನ ಕಾಂತ ದುರ್ಬಲವಾದಂತೆಲ್ಲ ಅದು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ, ಬಿಸಿಯಾಗುತ್ತದೆ. ಡಿಕೋಡರ್ ಆ ಭಾರವನ್ನು ತಾಳಲಾರದು. ಆ ಕಾಂತದ ಜಾಗದಲ್ಲಿ ಪುಟ್ಟ ನಿಯೋಡಿಮಿಯಂ ಕಾಂತಗಳನ್ನು ಕೂಡಿಸಿದರೆ ಅದೇ ಮೋಟಾರು ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬಲ ಕೊಡುತ್ತದೆ. ನನ್ನ ಅಭಿಪ್ರಾಯದಲ್ಲಿ, ಮೋಟಾರನ್ನೇ ಕಿತ್ತು ಹೊಸತನ್ನು ಹಾಕುವ ಮೊದಲು ಈ ದಾರಿಯನ್ನು ನೋಡಬೇಕು, ಏಕೆಂದರೆ ಹಳೆಯ ಎಂಜಿನ್ನಿನ ಮೂಲ ಯಂತ್ರಾಂಗ ಉಳಿಯುವುದೂ ಅದರ ಮೌಲ್ಯದ ಭಾಗವೇ. ಹೊಸ ಭಾಗಗಳನ್ನು ಆದಷ್ಟೂ ಟೆಂಡರಿನೊಳಗೆ (ಎಂಜಿನ್ನಿನ ಹಿಂದಿನ ಕಲ್ಲಿದ್ದಲು-ನೀರಿನ ಬಂಡಿಯೊಳಗೆ) ಇರಿಸಬೇಕು, ಹೊರಮೈಗೆ ತೂತು ಕೊರೆಯಬಾರದು, ತೆಗೆದ ಭಾಗಗಳನ್ನು ಪೊಟ್ಟಣ ಕಟ್ಟಿ ಎಂಜಿನ್ನಿನ ಜೊತೆಗೇ ಇಡಬೇಕು. ಜಾಗ ಮಾಡಲೆಂದು ಸೀಸದ ತೂಕವನ್ನು ತೆಗೆದುಹಾಕುವವರು, ಮೂರು ಡಬ್ಬಿ ಎಳೆಯುತ್ತಿದ್ದ ಎಂಜಿನ್ ಬಳಿಕ ಒಂದನ್ನೇ ಎಳೆದು ಜಾರತೊಡಗಿದರೆ ಡಿಕೋಡರನ್ನು ಬೈಯಬಾರದು.

ನಮ್ಮ ಭಾಗದ ಎರೆಮಣ್ಣಿನ ಧೂಳಿಗೆ ಪ್ರತ್ಯೇಕ ಎಚ್ಚರಿಕೆ ಬೇಕು. ಬೇಸಿಗೆಯಲ್ಲಿ ಹಳಿಯ ಮೇಲೆ ಕೂತ ತೆಳು ಧೂಳಿನಿಂದ ಸಂಪರ್ಕ ಒಂದು ಕ್ಷಣ ತಪ್ಪಿದರೆ ಹಳೆಯ ಪದ್ಧತಿಯಲ್ಲಿ ಎಂಜಿನ್ ತುಸು ಮುಗ್ಗರಿಸಿ ಮುಂದೆ ಹೋಗುತ್ತಿತ್ತು. ಈಗ ಸದ್ದು ಕಡಿದುಹೋಗಿ, ಡಿಕೋಡರ್ ಮತ್ತೆ ಮೊದಲಿನಿಂದ ಎಚ್ಚರಗೊಳ್ಳುತ್ತದೆ. ಆದಷ್ಟು ಹೆಚ್ಚು ಗಾಲಿಗಳಿಂದ, ಟೆಂಡರಿನ ಗಾಲಿಗಳಿಂದಲೂ, ಫಾಸ್ಫರ್ ಕಂಚಿನ ತೆಳುಪಟ್ಟಿಗಳ ಮೂಲಕ ವಿದ್ಯುತ್ ತೆಗೆದುಕೊಳ್ಳುವುದು, ಜೊತೆಗೆ ಒಂದೆರಡು ಸೆಕೆಂಡು ಉಸಿರು ಹಿಡಿದಿಡುವ ಕೆಪಾಸಿಟರ್ ಜೋಡಣೆ ಹಾಕುವುದು ಇದಕ್ಕೆ ಪರಿಹಾರ. ದೀಪದ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ: ಹಳೆಯ ಬುರುಡೆ ತೆಗೆದು, ಹಳದಿ ಛಾಯೆಯ ಎಲ್‌ಇಡಿಯನ್ನು 1 ಕಿಲೊಓಮ್ ರೋಧಕದೊಡನೆ ಹಾಕಿದರೆ ಸಾಕು. ಕಣ್ಣು ಕುಕ್ಕುವ ನೀಲಿ-ಬಿಳಿ ಎಲ್‌ಇಡಿ ಮಾತ್ರ ಉಗಿ ಎಂಜಿನ್ನಿಗೆ ಒಪ್ಪುವುದಿಲ್ಲ.

ಇನ್ನು ಸದ್ದಿನ ವಿಚಾರ. ಸ್ಪೀಕರ್ ಎಷ್ಟು ಚಿಕ್ಕದಿದ್ದರೂ ಅದಕ್ಕೆ ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆ ಬೇಕೇ ಬೇಕು. ಇಲ್ಲವಾದರೆ ಹಿಂದಿನಿಂದ ಹೊರಟ ಅಲೆಯು ಮುಂದಿನ ಅಲೆಯನ್ನು ಅಳಿಸಿಹಾಕಿ ಕೇವಲ ಕೀರಲು ಉಳಿಯುತ್ತದೆ. ಮೊಬೈಲ್ ಫೋನಿನಲ್ಲಿ ಬಳಸುವಂಥ, ಸಕ್ಕರೆಯ ಚೌಕ ತುಂಡಿನಷ್ಟೇ ಗಾತ್ರದ 8 ಓಮ್ ಸ್ಪೀಕರ್‌ಗಳು ಈಗ ಪೆಟ್ಟಿಗೆ ಸಮೇತ ಸಿಗುತ್ತವೆ. ಹಿಂದಿನ ಕೆಲವು ಸದ್ದಿನ ಡಿಕೋಡರ್‌ಗಳು 100 ಓಮಿನ ಸ್ಪೀಕರಿಗಾಗಿ ಮಾಡಿದವು. ಅವುಗಳಿಗೆ 8 ಓಮಿನದನ್ನು ಜೋಡಿಸಿದರೆ ಡಿಕೋಡರಿನ ಆಂಪ್ಲಿಫೈಯರ್ ಭಾಗ ಸುಡಬಹುದು ಎಂಬುದನ್ನು ಹಳೆಯ ಡಿಕೋಡರನ್ನು ಅಗ್ಗಕ್ಕೆ ಕೊಳ್ಳುವವರು ನೆನಪಿಡಬೇಕು.

ಉಗಿ ಎಂಜಿನ್ನಿನ ಸದ್ದಿಗೆ ಲೆಕ್ಕವಿದೆ. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ದೊಡ್ಡ ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಬಾರಿ ಉಗಿ ಹೊರಬೀಳುತ್ತದೆ. ಮೀಟರ್ ಗೇಜಿನಲ್ಲಿ ಪ್ರಯಾಣಿಕರ ಗಾಡಿ ಎಳೆಯುತ್ತಿದ್ದ ವೈಪಿ ಎಂಜಿನ್ನಿನ ಚಾಲಕ ಗಾಲಿಯ ವ್ಯಾಸ 1372 ಮಿಲಿಮೀಟರ್, ಅಂದರೆ ಸುತ್ತಳತೆ ಸುಮಾರು 4.3 ಮೀಟರ್. ನಿಲ್ದಾಣದಿಂದ ಗಂಟೆಗೆ 5 ಕಿಲೊಮೀಟರ್ ವೇಗದಲ್ಲಿ ಹೊರಡುವಾಗ ಸೆಕೆಂಡಿಗೆ ಒಂದಕ್ಕಿಂತ ತುಸು ಹೆಚ್ಚು ಸದ್ದು, 45 ಕಿಲೊಮೀಟರ್ ವೇಗದಲ್ಲಿ ಸೆಕೆಂಡಿಗೆ ಹನ್ನೊಂದು-ಹನ್ನೆರಡು ಸದ್ದು. ಈ ಲೆಕ್ಕ ತಪ್ಪಿದರೆ, ಉಗಿಬಂಡಿಯನ್ನು ಕಂಡವರಿಗೆ ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು ಹೇಳುತ್ತದೆ. ಮೋಟಾರು ತಿರುಗುವಾಗ ಅದರಲ್ಲೇ ಹುಟ್ಟುವ ವಿರುದ್ಧ ವೋಲ್ಟೇಜನ್ನು ಅಳೆದು ಡಿಕೋಡರ್ ವೇಗವನ್ನು ಅಂದಾಜು ಮಾಡಬಲ್ಲದು. ಆದರೆ ಕರಾರುವಾಕ್ಕಾಗಿ ಬೇಕೆಂದರೆ ಗಾಲಿಯ ಅಚ್ಚಿಗೆ ಸಣ್ಣ ಕಾಂತಗಳನ್ನು ಅಂಟಿಸಿ, ಎದುರಿಗೆ, ಕಾಂತ ಹಾದುಹೋದದ್ದನ್ನು ಗುರುತಿಸುವ ಹಾಲ್ ಸೆನ್ಸರ್ ಇಡುವುದೇ ಸರಿಯಾದ ದಾರಿ.

ಇದೆಲ್ಲ ಸರಿಯಾದ ಮೇಲೂ ದನಿ ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಸಿದ್ಧವಾಗಿ ಬರುವ ಸದ್ದಿನ ಕಡತಗಳಲ್ಲಿ ಬಹುಪಾಲು ಅಮೆರಿಕದವು, ಜರ್ಮನಿಯವು, ಬ್ರಿಟನ್ನಿನವು. ಅಮೆರಿಕದ ಎಂಜಿನ್ನಿನಲ್ಲಿ ಗಂಟೆ ಇರುತ್ತದೆ, ನಮ್ಮದರಲ್ಲಿ ಇರಲಿಲ್ಲ. ಅಲ್ಲಿನ ಎಂಜಿನ್ ನಿಂತಾಗ ಏರ್ ಬ್ರೇಕಿನ ಪಂಪು ದಬದಬನೆ ಬಡಿಯುತ್ತದೆ. ನಮ್ಮ ಉಗಿಗಾಡಿಗಳದು ವ್ಯಾಕ್ಯೂಮ್ ಬ್ರೇಕ್, ಅದರ ಕೊಳವೆಯ ಗಾಳಿಯನ್ನು ಉಗಿಯಿಂದ ಹೀರಿ ಹೊರಹಾಕುವ ಎಜೆಕ್ಟರಿನ ಎಡೆಬಿಡದ ಹಿಸ್ ಎನ್ನುವ ಸದ್ದೇ ಬೇರೆ. ಅಲ್ಲಿ ಗೇಟು ಸಮೀಪಿಸಿದಾಗ ಎರಡು ದೀರ್ಘ, ಒಂದು ಹ್ರಸ್ವ, ಮತ್ತೊಂದು ದೀರ್ಘ ಕೂಗು. ನಮ್ಮಲ್ಲಿ ಹಳಿಯ ಬದಿಯ ಸೀಟಿ ಫಲಕ ಕಂಡೊಡನೆ ಒಂದೇ ಉದ್ದನೆಯ ಕೂಗು. ಹಿತ್ತಾಳೆಯ ವೈಪಿ ಎಂಜಿನ್ನೊಂದು ಗಂಟೆ ಬಾರಿಸುತ್ತ ಗದಗ ನಿಲ್ದಾಣದ ಮಾದರಿಯೊಳಗೆ ಬಂದು ನಿಂತರೆ, ಅದನ್ನು ತನ್ನ ಕೈಯಾರೆ ಮಾಡಿದ ಫಿಟ್ಟರಿಗೆ ಅದು ಗೌರವವೇ? ಹಾಗೆಂದು ಎಲ್ಲದಕ್ಕೂ ನಮ್ಮದೇ ಕೂಗು ತುಂಬಬೇಕೆಂದು ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ಎಂಜಿನ್ನಿನ ಮಾದರಿಗೆ ಇಂಗ್ಲೆಂಡಿನ ಸೀಟಿಯೇ ನ್ಯಾಯ. ಯಾವ ಎಂಜಿನ್ನಿನ ರೂಪವೋ ಅದರದೇ ದನಿ ಇರಬೇಕು, ಅಷ್ಟೆ.

ಹಾಗಾದರೆ ವೈಪಿ ಮತ್ತು ಸರಕು ಎಳೆಯುತ್ತಿದ್ದ ವೈಜಿ ಎಂಜಿನ್‌ಗಳ ಸದ್ದು ಎಲ್ಲಿಂದ ತರಬೇಕು? ನಮ್ಮ ಭಾಗದಲ್ಲಿ ಅದು ನಿಂತೇಹೋಗಿದೆ. ಹುಬ್ಬಳ್ಳಿ, ಗದಗ, ಹಾವೇರಿಗಳಲ್ಲಿ ಒಂದೆರಡು ತಲೆಮಾರು ಗಡಿಯಾರದಂತೆ ನಂಬಿದ್ದ ಆ ಕೂಗು ಡೀಸೆಲ್ ಬಂದಮೇಲೆ, ಮೀಟರ್ ಗೇಜ್ ಹಳಿಗಳು ಬ್ರಾಡ್ ಗೇಜ್ ಆದಮೇಲೆ ಇಲ್ಲವಾಯಿತು. ನೀಲಗಿರಿಯ ಎಂಜಿನ್ ಮೀಟರ್ ಗೇಜಿನದೇ ಆದರೂ ಹಲ್ಲುಹಳಿಯ ಮೇಲೆ ನಾಲ್ಕು ಸಿಲಿಂಡರಿನಿಂದ ಏರುವಂಥದ್ದು, ಅದರ ಲಯ ಬೇರೆ. ಹರಿಯಾಣದ ರೇವಾಡಿಯ ಪಾರಂಪರಿಕ ಉಗಿ ಶೆಡ್ಡಿನಲ್ಲಿ ಉಗಿ ಎಂಜಿನ್‌ಗಳನ್ನು ಇನ್ನೂ ಬೆಂಕಿ ಹಾಕುವ ಸ್ಥಿತಿಯಲ್ಲಿ ಇಟ್ಟುಕೊಂಡಿದ್ದಾರೆ. ಮೀಟರ್ ಗೇಜಿನ ಎಂಜಿನ್ನುಗಳೂ ಅಲ್ಲಿವೆ. ಅಲ್ಲಿ ಅನುಮತಿ ಪಡೆದು, ಹೊರಡುವ ಸದ್ದು, ಭಾರ ಎಳೆಯುವ ಸದ್ದು, ಉಗಿ ಮುಚ್ಚಿ ಸಾಗುವ ಸದ್ದು, ಬಾಯ್ಲರಿಗೆ ನೀರು ತುಂಬುವ ಇಂಜೆಕ್ಟರ್, ಸುರಕ್ಷಾ ಕವಾಟ, ಸಲಿಕೆಯಿಂದ ಕಲ್ಲಿದ್ದಲು ಎತ್ತಿಹಾಕುವ ಸದ್ದು, ಇವನ್ನೆಲ್ಲ ಪ್ರತ್ಯೇಕವಾಗಿ ಧ್ವನಿಮುದ್ರಿಸಿದರೆ ಇಂದಿನ ಡಿಕೋಡರ್‌ಗಳಿಗೆ ಅದನ್ನು ತುಂಬುವುದು ಕಷ್ಟವಲ್ಲ. ಕೆಲವು ಕಂಪನಿಗಳು ಬಳಕೆದಾರರು ತಾವೇ ಸದ್ದು ತುಂಬುವ ಸಾಧನಗಳನ್ನೂ ಮಾರುತ್ತವೆ. ಮುದ್ರಿಸಿದ್ದು ಸರಿಯೋ ತಪ್ಪೋ ಎಂದು ಹೇಳಬಲ್ಲ ನಿವೃತ್ತ ಡ್ರೈವರುಗಳು, ಫೈರ್‌ಮನ್‌ಗಳು ನಮ್ಮ ನಡುವೆ ಇದ್ದಾರೆ, ಆದರೆ ಅವರಿಗೆಲ್ಲ ಈಗ ವಯಸ್ಸಾಗಿದೆ.

ಧಾರವಾಡದ ಕರ್ನಾಟಕ ಕಾಲೇಜಿನ ಕಟ್ಟಡ ಒಂದು ಕಾಲಕ್ಕೆ, 1882ರಲ್ಲಿ ಆರಂಭವಾದ ಸದರ್ನ್ ಮರಾಠಾ ರೈಲ್ವೆಯ ಕೇಂದ್ರ ಕಚೇರಿಯಾಗಿತ್ತು. ಇಂದು ನೈಋತ್ಯ ರೈಲ್ವೆಯ ಕೇಂದ್ರ ಹುಬ್ಬಳ್ಳಿಯಲ್ಲಿದೆ, ಗದಗ ರಸ್ತೆಯಲ್ಲಿ ರೈಲ್ವೆ ವಸ್ತುಸಂಗ್ರಹಾಲಯವಿದೆ, ಅವಳಿ ನಗರದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಆರ್ಡುಯಿನೊ ಮೆಗಾ ಎಂಬ ಪುಟ್ಟ ಗಣಕ ಫಲಕವನ್ನೂ ಅದರ ಮೇಲೆ ಕೂರುವ ಒಂದು ಮೋಟಾರ್ ಶೀಲ್ಡನ್ನೂ ಬಳಸಿ ಡಿಸಿಸಿ ನಿಯಂತ್ರಕವನ್ನು ಕಟ್ಟಿಕೊಳ್ಳುವ ಡಿಸಿಸಿ-ಇಎಕ್ಸ್ ಎಂಬ ಮುಕ್ತ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರ ಬಿಡಿಭಾಗಗಳು ಆಮದಿನ ದುಬಾರಿ ಪೆಟ್ಟಿಗೆಗಳಂತಲ್ಲದೆ ವಿದ್ಯಾರ್ಥಿಗಳ ಕೈಗೆಟಕುವಂಥವು. ಅಂತಿಮ ವರ್ಷದ ಪ್ರಾಜೆಕ್ಟಿಗೆ ವರ್ಷವೂ ಅದೇ ನೀರಿನ ಮಟ್ಟದ ಸೆನ್ಸರ್ ಮಾಡುವ ಬದಲು, ಒಂದು ತಂಡ ಹಾಲ್ ಸೆನ್ಸರಿನಿಂದ ವೈಪಿ ಎಂಜಿನ್ನಿನ ಸದ್ದನ್ನು ಗಾಲಿಗೆ ಹೊಂದಿಸುವ ಕೆಲಸ ಕೈಗೆತ್ತಿಕೊಂಡರೆ ಅವರಿಗೆ ವಿದ್ಯುತ್ತು, ಯಂತ್ರ, ಧ್ವನಿ ಮೂರರ ಪಾಠವೂ ಆಗುತ್ತದೆ. ರೈಲ್ವೆಯವರು ರೇವಾಡಿಯಲ್ಲಿ ಧ್ವನಿಮುದ್ರಣಕ್ಕೆ ಅನುಮತಿ ಕೊಡಿಸಿ, ಆ ಕಡತಗಳನ್ನು ಸಾರ್ವಜನಿಕರಿಗೆ ಉಚಿತವಾಗಿ ಸಿಗುವಂತೆ ಮಾಡಿದರೆ ಖರ್ಚೂ ಹೆಚ್ಚಿಲ್ಲ.

ತಮ್ಮ ಪತ್ರಿಕೆಯಲ್ಲಿ ನನ್ನದೊಂದು ಕೋರಿಕೆ. ಟೇಪ್ ರೆಕಾರ್ಡರ್ ಮನೆಮನೆಗೆ ಬಂದ ಕಾಲದಲ್ಲಿ ಈ ಭಾಗದಲ್ಲಿ ಉಗಿ ಎಂಜಿನ್‌ಗಳು ಇನ್ನೂ ಓಡುತ್ತಿದ್ದವು. ನಿಲ್ದಾಣದಲ್ಲಿಯೋ, ರೈಲ್ವೆ ಕ್ವಾರ್ಟರ್ಸಿನ ಅಂಗಳದಲ್ಲಿಯೋ, ಮದುವೆಯ ಹಾಡಿನ ನಡುವೆ ಹಿನ್ನೆಲೆಯಲ್ಲಿಯೋ ಆ ಕೂಗು ಸಿಕ್ಕಿಬಿದ್ದ ಕ್ಯಾಸೆಟ್ಟುಗಳು ಯಾರ ಮನೆಯಲ್ಲಾದರೂ ಇದ್ದರೆ, ಅವನ್ನು ಎಸೆಯದೆ ತಮ್ಮ ಕಚೇರಿಗೆ ತಿಳಿಸುವಂತೆ ಓದುಗರಲ್ಲಿ ಒಂದು ಪ್ರಕಟಣೆ ಕೊಡಬೇಕು. ಶಿಲೀಂಧ್ರ ಹಿಡಿದ ಟೇಪನ್ನು ಯಾರೂ ಯಂತ್ರಕ್ಕೆ ಹಾಕಿ ನೋಡಬಾರದು, ಅದು ಹರಿದುಹೋಗಬಹುದು. ಹಾಗೆಯೇ ಒಣ ಜಾಗದಲ್ಲಿಟ್ಟು ತಿಳಿಸಿದರೆ, ಅದನ್ನು ಶುಚಿಗೊಳಿಸಿ ಡಿಜಿಟಲ್ ರೂಪಕ್ಕೆ ತಂದು ಮೂಲ ಕ್ಯಾಸೆಟ್ಟಿನೊಂದಿಗೆ ಮರಳಿಸುವ ಕೆಲಸವನ್ನು ನಾನೂ ನನ್ನ ಹಳೆಯ ವಿದ್ಯಾರ್ಥಿಗಳೂ ಶುಲ್ಕವಿಲ್ಲದೆ ಮಾಡಿಕೊಡಲು ಸಿದ್ಧರಿದ್ದೇವೆ.

ಇತಿ,
ತಮ್ಮ ವಿಶ್ವಾಸಿ,
ನಿವೃತ್ತ ಎಲೆಕ್ಟ್ರಾನಿಕ್ಸ್ ಉಪನ್ಯಾಸಕ,
ಕೇಶ್ವಾಪುರ, ಹುಬ್ಬಳ್ಳಿ