9ಎನ್1ಎಂಎಂ ಯಾರು ಅಂತ ಕೇಳಿದವ್ರಿಗೆ

ಎಲ್ರಿಗೂ ನಮಸ್ಕಾರ. ಮೊನ್ನೆ ಹೊಸ ಹ್ಯಾಮ್ (ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡೋರು) ಒಬ್ರು 9ಎನ್1ಎಂಎಂ ಅನ್ನೋ ಕಾಲ್‌ಸೈನ್, ಅಂದ್ರೆ ರೇಡಿಯೋದಲ್ಲಿ ಗುರುತಿಗೆ ಹೇಳೋ ಹೆಸರು, ಯಾರದ್ದು ಅಂತ ಕೇಳಿದ್ರಲ್ಲ, ಅದಕ್ಕೇ ಇದು, ದಯವಿಟ್ಟು ಪೂರ್ತಿ ಓದಿ.

ಅದು ಫಾದರ್ ಮಾರ್ಷಲ್ ಮೊರಾನ್ ಅವ್ರದ್ದು. ಅಮೆರಿಕದ ಜೆಸ್ವಿಟ್ (ಕ್ಯಾಥೊಲಿಕ್ ಕ್ರೈಸ್ತರ ಒಂದು ಸಂಘ) ಪಾದ್ರಿ, ಮೊದ್ಲು ಬಿಹಾರದಲ್ಲಿ ಪಾಠ ಹೇಳ್ತಿದ್ದವ್ರು. ನೇಪಾಳದಲ್ಲಿ ವಂಶಪಾರಂಪರ್ಯವಾಗಿ ಪ್ರಧಾನಿಗಳಾಗಿ ಅಧಿಕಾರ ನಡೆಸ್ತಿದ್ದ ರಾಣಾಗಳ ಆಳ್ವಿಕೆ ಮುಗೀತು ನೋಡಿ, ಅದೇ 1951ರಲ್ಲಿ ಕಠ್ಮಂಡು ಕಣಿವೆಯ ಫುಲ್ಚೋಕಿ ಬೆಟ್ಟದ ಬುಡದಲ್ಲಿರೋ ಗೋದಾವರಿ ಅನ್ನೋ ಊರಲ್ಲಿ ಸೇಂಟ್ ಝೇವಿಯರ್ಸ್ ಅಂತ ಹುಡುಗರ ಬೋರ್ಡಿಂಗ್ ಸ್ಕೂಲು ಶುರು ಮಾಡಿದ್ರು. ರಾಣಾಗಳ ಕಾಲದಲ್ಲಿ ಸಾಮಾನ್ಯ ಜನಕ್ಕೆ ಓದು ಅನ್ನೋದು ಕೈಗೆಟುಕದ ಮಾತು, ಹಾಗಾಗಿ ಇಂಗ್ಲಿಷ್ ಮೀಡಿಯಂ ಸ್ಕೂಲು, ಅದೂ ಅಲ್ಲೇ ಊಟ ಅಲ್ಲೇ ನಿದ್ದೆ, ಆ ಕಣಿವೆಗೆ ತುಂಬಾ ದೊಡ್ಡ ವಿಷಯ. ಮತಾಂತರಕ್ಕೆ ಕಾನೂನಿನ ತಡೆ ಇತ್ತು, ಪಾಠಕ್ಕಲ್ಲ, ಅವ್ರು ಪಾಠಾನೇ ಮಾಡಿದ್ರು. 1954ರಲ್ಲಿ ಅದೇ ಕಣಿವೆಯ ಜಾವಲಾಖೇಲ್‌ನಲ್ಲೂ ಸ್ಕೂಲು ತೆರೆದ್ರು.

ನಮಗೆ ಮುಖ್ಯವಾದ್ದು ರೇಡಿಯೋ. ಎಷ್ಟೋ ವರ್ಷ ಇಡೀ ನೇಪಾಳದಿಂದ ಕೇಳಿಸ್ತಿದ್ದ ಹ್ಯಾಮ್ ದನಿ ಅಂದ್ರೆ ಈ ಮೇಷ್ಟ್ರದ್ದೇ. ಮೋರ್ಸ್‌ನಲ್ಲಿ (ಅಕ್ಷರಗಳನ್ನ ಗಿಡ್ಡ, ಉದ್ದ ಸದ್ದಲ್ಲಿ ಹೇಳೋ ಸಂಕೇತ) ಆ ಕಾಲ್‌ಸೈನ್ ಬಾಯಲ್ಲಿ ಹೇಳ್ಕೊಂಡು ನೋಡಿ, ಕೊನೇ ಎರಡು ಎಂ ಬಂದಾಗ ಡಾ ಡಾ, ಡಾ ಡಾ, ಬರೀ ಉದ್ದುದ್ದ, ಒಂದ್ಸಲ ಕೇಳಿದ್ರೆ ಕಿವೀಲೇ ಉಳಿಯುತ್ತೆ. ಅವ್ರು 1992ರಲ್ಲಿ ತೀರ್ಕೊಂಡ್ರು.

ಹಿರಿಯರ ಪೆಟ್ಟಿಗೇಲಿ ಅವ್ರ ಕ್ಯೂಎಸ್‌ಎಲ್ ಕಾರ್ಡ್ (ರೇಡಿಯೋದಲ್ಲಿ ಮಾತಾಡಿದ್ದಕ್ಕೆ ಗುರುತಾಗಿ ಕಳಿಸೋ ಕಾರ್ಡ್) ಇದ್ರೆ ಭಾನುವಾರದೊಳಗೆ ಫೋಟೋ ಹಾಕಿ, ಎರಡೂ ಬದಿ. ಅವ್ರ ಜೊತೆ ಮಾತಾಡಿದ್ದು ಬರೆದಿಟ್ಟ ಲಾಗ್ ಪುಸ್ತಕದ ಪುಟ ಇದ್ರೂ ಆಯ್ತು. ಗುಜರಿಗೆ ಮಾತ್ರ ಹಾಕ್ಬೇಡಿ.