ಸೌರ ಘಟಕಕ್ಕೆ ಹೊಲ ಕೊಡುವ ಮುನ್ನ

ಮಾನ್ಯ ಸಂಪಾದಕರೇ,

ತೊಗರಿ ಬೆಳೆಯುವ ಹೊಲವನ್ನು ಸೌರ ವಿದ್ಯುತ್ ಘಟಕಕ್ಕೆ ಗುತ್ತಿಗೆ ಕೊಡಲು ಮುಂದಾಗುವ ರೈತರು ಎಕರೆಗೆ ಎಷ್ಟು ಬಾಡಿಗೆ ಎಂಬುದಕ್ಕಿಂತ ಮೊದಲು ಪಹಣಿ, ಅಂದರೆ ಜಮೀನಿನ ಹಕ್ಕು ದಾಖಲೆ, ನೋಡಬೇಕು. ಕಡತ ಮುಂದೆ ಸಾಗದೆ ನಿಲ್ಲುವುದೇ ಅಲ್ಲಿ.

1 ಮೆಗಾವಾಟ್‌ಗೆ ಸುಮಾರು 4ರಿಂದ 5 ಎಕರೆ ಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಡುವುದಾದರೆ ಆ ಭಾಗವನ್ನು ಅಳೆದು ಗುರುತಿಸುವ 11ಇ ನಕ್ಷೆ ಮಾಡಿಸಬೇಕು. ಅಣ್ಣ ತಮ್ಮಂದಿರ ಹೆಸರು ಜಂಟಿಯಾಗಿದ್ದು ಪೋಡಿ (ಅಳತೆ ಮಾಡಿ ಪಾಲು ಬೇರ್ಪಡಿಸುವುದು) ಆಗಿರದಿದ್ದರೆ ಒಬ್ಬರ ಸಹಿ ಸಾಲದು. ಪಹಣಿಯ 11ನೇ ಕಾಲಂನಲ್ಲಿ ಹಳೆಯ ಬೆಳೆಸಾಲ ಉಳಿದಿದೆಯೇ ನೋಡಿ. ತೀರಿಸಿದ್ದರೂ ನಮೂದು ತೆಗೆಸದೇ ಬಿಟ್ಟಿರುವುದು ಸಾಮಾನ್ಯ. ಬಿ ಖರಾಬು (ಸಾರ್ವಜನಿಕ ಬಳಕೆಯ ಜಾಗ) ಎಂದು ಬರೆದ ಗುಂಟೆಗಳು ಹಳ್ಳಕ್ಕೋ ಬಂಡಿದಾರಿಗೋ ಸೇರಿದವು, ಅವನ್ನು ಗುತ್ತಿಗೆಯಲ್ಲಿ ಸೇರಿಸುವಂತಿಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ ಅಂಥ ಜಮೀನಿನ ವರ್ಗಾವಣೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಬೇಕು. ಗುತ್ತಿಗೆಯೂ ಆ ಕಾಯ್ದೆಯಲ್ಲಿ ಪರಭಾರೆಯೇ (ವರ್ಗಾವಣೆಯೇ).

ರೈತರ ಸೌರ ವಿದ್ಯುತ್‌ಗಾಗಿ ಇರುವ ಕೇಂದ್ರದ ಕುಸುಮ್ ಯೋಜನೆಯ ಎ ವಿಭಾಗದಲ್ಲಿ 500 ಕಿಲೋವಾಟ್‌ನಿಂದ 2 ಮೆಗಾವಾಟ್ ಘಟಕಗಳಿಗೆ ಅವಕಾಶವಿದ್ದು, ವಿದ್ಯುತ್ ಉಪಕೇಂದ್ರದಿಂದ 5 ಕಿ.ಮೀ. ಒಳಗಿನ ಜಮೀನಿಗೆ ಆದ್ಯತೆ. ದೂರ ಹೆಚ್ಚಿದಷ್ಟೂ ತಂತಿ ಎಳೆಯುವ ಕಂಬ ನೆಡಲು ಪಕ್ಕದ ಹೊಲದವರ ಒಪ್ಪಿಗೆ ಬೇಕಾಗುತ್ತದೆ. ಆ ಉಪಕೇಂದ್ರದಲ್ಲಿ ಸಾಮರ್ಥ್ಯ ಉಳಿದಿದೆಯೇ ಎಂದು ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನಿಂದ ಲಿಖಿತವಾಗಿ ಪಡೆಯುವುದು ಒಳ್ಳೆಯದು.

ನಮ್ಮ ಎರೆ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಮಣ್ಣು ಪರೀಕ್ಷೆ ಮಾಡದೆ ನೆಟ್ಟ ಸೌರ ಫಲಕದ ಕಂಬಗಳು ವಾಲುತ್ತವೆ. 25 ವರ್ಷದ ಗುತ್ತಿಗೆ ಪತ್ರ ನೋಂದಣಿ ಆಗಲೇಬೇಕು. ಅವಧಿ ಮುಗಿದ ಮೇಲೆ ಕಾಂಕ್ರೀಟ್ ಕಿತ್ತು ಹೊಲ ಹದ ಮಾಡಿಕೊಡುವ ಖರ್ಚು ಯಾರದು ಎಂಬುದೂ ಅದರಲ್ಲೇ ಬರೆದಿರಲಿ.

– ಓದುಗರು, ಸೇಡಂ, ಕಲಬುರಗಿ ಜಿಲ್ಲೆ