ಎಥೆನಾಲ್ ದರದಲ್ಲಿ ಹೊಗೆ ಶುದ್ಧೀಕರಣದ ಖರ್ಚೂ ಕಾಣಲಿ

ಮಾನ್ಯ ಸಂಪಾದಕರೇ,

ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ತಲುಪಿದ್ದು ಕಬ್ಬು ಬೆಳೆಗಾರನಾದ ನನಗೆ ಸಂತಸದ ಸಂಗತಿಯೇ. ಎಥೆನಾಲ್ ಹಣ ಕಾರ್ಖಾನೆಗೆ ಬೇಗ ಬಂದರೆ ನಮ್ಮ ಬಾಕಿ ಬಿಲ್ಲಿಗೂ ದಾರಿಯಾಗುತ್ತದೆ. ಆದರೆ ಈ ಇಂಧನ ತಯಾರಾಗುವಲ್ಲಿ ಏಳುವ ಹೊಗೆಯನ್ನು ಶುದ್ಧಗೊಳಿಸುವ ಖರ್ಚು ಯಾರದೆಂಬುದು ಇತ್ಯರ್ಥವಾಗದೆ, ಅದರ ಒಂದು ಪಾಲನ್ನು ಘಟಪ್ರಭಾ ಬಯಲಿನ ನಮ್ಮಂಥ ಊರುಗಳು ಹೊರುತ್ತಿವೆ. ಹಂಗಾಮು ಶುರುವಾದರೆ ರಾತ್ರಿ ಮಾಳಿಗೆಯ ಮೇಲೆ ಉಳಿದ ಬಟ್ಟೆಯನ್ನು ಬೆಳಿಗ್ಗೆ ಕೊಡವಿದಾಗ ಎಳ್ಳಿನಷ್ಟು ಸಣ್ಣ ಕರಿ ಚೂರುಗಳು ಉದುರುತ್ತವೆ. ಒಣಹಾಕಿದ ಮೆಣಸಿನಕಾಯಿಯ ಮೇಲೆ ಬಿದ್ದದ್ದನ್ನು ಒರೆಸಹೋದರೆ ಮಸಿಯಾಗಿ ಬೆರಳಿಗೆ ಮೆತ್ತುತ್ತದೆ.

ಕಾಕಂಬಿಯಿಂದ (ಸಕ್ಕರೆ ತೆಗೆದ ಮೇಲೆ ಉಳಿಯುವ ಮಂದ ಪಾಕ) ಒಂದು ಲೀಟರ್ ಎಥೆನಾಲ್ ತೆಗೆದರೆ ಸುಮಾರು 8ರಿಂದ 15 ಲೀಟರ್ ಸ್ಪೆಂಟ್ ವಾಶ್ ಎಂಬ ಕೊಳೆನೀರು ಉಳಿಯುತ್ತದೆ. ಅದು ಹೊಳೆ ಸೇರದಿರಲೆಂದು, ಗಟ್ಟಿಯಾಗುವವರೆಗೆ ಇಂಗಿಸಿ, ಬಗಾಸ್ (ಕಬ್ಬಿನ ಸಿಪ್ಪೆ) ಅಥವಾ ಕಲ್ಲಿದ್ದಲಿನೊಂದಿಗೆ ಬಾಯ್ಲರಿನಲ್ಲಿ ಸುಡುವ ಪದ್ಧತಿ ಬಂದಿದೆ. ಹೊಳೆಯ ದೃಷ್ಟಿಯಿಂದ ಇದು ಒಳ್ಳೆಯದೇ, ಆದರೆ ಹೊರೆ ಈಗ ಗಾಳಿಯ ಮೇಲೆ ಬಿದ್ದಿದೆ. ಪೊಟ್ಯಾಷ್ ಹೆಚ್ಚಿರುವ ಈ ನುಣುಪು ಬೂದಿಯನ್ನು ಚಿಮಣಿಗೆ ಹೋಗುವ ಮೊದಲೇ ಹಿಡಿಯಲು ಇಎಸ್‌ಪಿ (ವಿದ್ಯುತ್ತಿನ ಬಲದಿಂದ ಬೂದಿಯನ್ನು ಸೆಳೆದು ಹಿಡಿಯುವ ಯಂತ್ರ) ಅಥವಾ ಹೊಗೆಯನ್ನು ಬಟ್ಟೆ ಚೀಲಗಳಲ್ಲಿ ಸೋಸುವ ಬ್ಯಾಗ್ ಫಿಲ್ಟರ್ ಬೇಕು. ಯಂತ್ರ ಕೂರಿಸುವುದಕ್ಕೆ ಸಾಲ ಸಿಗಬಹುದು. 2018ರ ಬಡ್ಡಿ ಸಹಾಯಧನ ಯೋಜನೆಯಲ್ಲಿ ಸ್ಪೆಂಟ್ ವಾಶ್ ಸುಡುವ ಬಾಯ್ಲರುಗಳನ್ನೂ ಸೇರಿಸಲಾಗಿತ್ತು. ಆದರೆ ಯಂತ್ರಕ್ಕೆ ಬೇಕಾದ ವಿದ್ಯುತ್ತು, ಸವೆದ ಫಿಲ್ಟರ್ ಚೀಲಗಳ ಬದಲಾವಣೆ, ಬೂದಿ ಸಾಗಣೆ ಇವೆಲ್ಲ ಪ್ರತಿ ಹಂಗಾಮಿನಲ್ಲೂ ಮರಳಿ ಬರುವ ಖರ್ಚು.

ಎಥೆನಾಲ್ ದರವನ್ನು ನಿಗದಿಪಡಿಸುವುದು ಕೇಂದ್ರ ಸರ್ಕಾರ. 2024–25ರಲ್ಲಿ ಸಿ-ಹೆವಿ ಕಾಕಂಬಿಯ (ಸಕ್ಕರೆಯನ್ನು ಆದಷ್ಟೂ ತೆಗೆದ ಮೇಲೆ ಕೊನೆಗೆ ಉಳಿಯುವ ಕಾಕಂಬಿ) ಎಥೆನಾಲಿಗೆ ಲೀಟರಿಗೆ 57.97 ರೂಪಾಯಿ ಗೊತ್ತುಮಾಡಲಾಗಿತ್ತು. ಅದರಲ್ಲಿ ಹೊಗೆ ಶುದ್ಧೀಕರಣದ ಪಾಲೆಷ್ಟು ಎಂದು ಬೇರೆಯಾಗಿ ತೋರಿಸಿಲ್ಲ. ಬೆಲೆ ಏರಿಸುವ ಅಧಿಕಾರವಿಲ್ಲದ ಕಾರ್ಖಾನೆಗೆ ಈ ಖರ್ಚಿನಲ್ಲಿ ಉಳಿಸಿದಷ್ಟೂ ಲಾಭವೇ ಆಗುವುದರಿಂದ, ಪ್ರಾಮಾಣಿಕವಾಗಿ ಯಂತ್ರ ನಡೆಸುವವರು ನಷ್ಟಕ್ಕೆ ಒಳಗಾಗುತ್ತಾರೆ. ಇದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯದ ಡಿಸ್ಟಿಲರಿಯೊಂದು (ಎಥೆನಾಲ್ ತಯಾರಿಸುವ ಘಟಕ) ವರ್ಷದಲ್ಲಿ 300 ದಿನ ನಡೆದರೆ ಮೂರು ಕೋಟಿ ಲೀಟರ್ ಆಗುತ್ತದೆ. ಲೀಟರಿಗೆ ಐವತ್ತು ಪೈಸೆ ಮೀಸಲಿಟ್ಟರೂ ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿ ಕೂಡುತ್ತದೆ.

ನವೆಂಬರಿನಿಂದ ಆರಂಭವಾಗುವ ಎಥೆನಾಲ್ ವರ್ಷದ ದರವನ್ನು ಪ್ರಕಟಿಸುವಾಗ ಸರ್ಕಾರ ಇಂಥ ಮೊತ್ತವೊಂದನ್ನು ಪ್ರತ್ಯೇಕವಾಗಿ ತೋರಿಸಬೇಕು. ಚಿಮಣಿಗೆ ಅಳವಡಿಸಿದ ಆನ್‌ಲೈನ್ ಮಾಪಕದ ಅಂಕಿಗಳು ಮಾಲಿನ್ಯ ನಿಯಂತ್ರಣ ಮಂಡಳಿಯ ಮಿತಿಯೊಳಗೆ ಇದ್ದ ತಿಂಗಳುಗಳಿಗೆ ಮಾತ್ರ ಅದನ್ನು ಪಾವತಿಸಬೇಕು. ಅದೇ ಅಂಕಿಗಳನ್ನು, ರಾತ್ರಿ ವೇಳೆಯವನ್ನೂ ಬಿಡದೆ, ಸುತ್ತಲಿನ ಗ್ರಾಮ ಪಂಚಾಯಿತಿಗಳ ಫಲಕದಲ್ಲಿ ಪ್ರತಿದಿನ ಕನ್ನಡದಲ್ಲಿ ಹಾಕಬೇಕೆಂದು ವಿನಂತಿ.

ಇಂತಿ,
ಒಬ್ಬ ಕಬ್ಬು ಬೆಳೆಗಾರ, ಬಾಗಲಕೋಟೆ ಜಿಲ್ಲೆ